ಎಡ ಅಂಗೈಯ ವಾಸನೆ

ಮೊದಲು ಡಬ್ಬಿಯ ವಿಷಯ ಹೇಳಿಬಿಡುತ್ತೇನೆ. ಊಟ ಮಾಡುತ್ತಾ ಓದುವ ಅಭ್ಯಾಸವಿದ್ದವರು ಊಟ ಮುಗಿಸಿಯೇ ಮುಂದೆ ಓದಿ.

ನಾನು ಇಳಕಲ್ಲಿನ ನೇಕಾರ, ಹೆಸರು ಮಲ್ಲಪ್ಪ, ವಯಸ್ಸು ನಲವತ್ತೇಳು. ನಮ್ಮದು ಕುಣಿಮಗ್ಗ, ಅಂದರೆ ನೆಲದಲ್ಲಿ ಕುಣಿ ತೋಡಿ ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಆ ಕುಣಿಯ ಮೂಲೆಯಲ್ಲಿ, ನನ್ನ ಬಲಗಾಲಿನ ಹತ್ತಿರ, ಎಣ್ಣೆ ತುಂಬಿ ಬಂದಿದ್ದ ಹಳೆಯ ತಗಡಿನ ಡಬ್ಬಿಯೊಂದು ಇರುತ್ತಿತ್ತು. ಇಪ್ಪತ್ತೈದು ವರ್ಷ ನಾನು ಅದರಲ್ಲಿ ಉಗುಳಿದ್ದೇನೆ. ತಂಬಾಕಿನ ಕಂದು ರಸ ಸಂಜೆಯ ಹೊತ್ತಿಗೆ ಅರ್ಧ ಡಬ್ಬಿ ಆಗುತ್ತಿತ್ತು. ಮೇಲೆ ನೊರೆ ಒಣಗಿ ಕೆನೆ ಕಟ್ಟುತ್ತಿತ್ತು, ಕೆನೆಯ ಮೇಲೆ ನೊಣ ಕೂರುತ್ತಿದ್ದವು. ಬೇಸಿಗೆಯಲ್ಲಿ ಆ ನಾತ ನೂಲಿಗೂ ಹತ್ತುತ್ತಿತ್ತು. ಒಮ್ಮೊಮ್ಮೆ ಕಾಲು ತಾಗಿ ಡಬ್ಬಿ ಉರುಳಿದರೆ ಎಲ್ಲ ಬರಿಗಾಲಿನ ಮೇಲೆ ಹರಿಯುತ್ತಿತ್ತು. ನಾನು ಕಾಲನ್ನು ಕುಣಿಯ ಗೋಡೆಗೆ ಒರೆಸಿ ಮತ್ತೆ ಲಾಳಿ ಎಸೆಯುತ್ತಿದ್ದೆ.

ಆ ಡಬ್ಬಿಯನ್ನು ದಿನಾ ಬೆಳಿಗ್ಗೆ ಚೆಲ್ಲುತ್ತಿದ್ದವಳು ನನ್ನ ಹೆಂಡತಿ ನೀಲವ್ವ. ಸೆರಗನ್ನು ಮೂಗಿಗೆ ಸುತ್ತಿಕೊಂಡು, ಮುಖ ಅತ್ತ ತಿರುಗಿಸಿ, ತೋಳು ಉದ್ದ ಮಾಡಿ ಡಬ್ಬಿ ಹಿಡಿದು ಹಿತ್ತಲಿಗೆ ಹೋಗುತ್ತಿದ್ದಳು. ಆಮೇಲೆ ಕೈ ತೊಳೆದು ಅದೇ ಕೈಯಿಂದ ರೊಟ್ಟಿ ಬಡಿಯುತ್ತಿದ್ದಳು. ನಾನು ಚೆಲ್ಲು ಎಂದು ಹೇಳಿರಲಿಲ್ಲ, ಬೇಡ ಎಂದೂ ಹೇಳಿರಲಿಲ್ಲ. ಡಬ್ಬಿ ತನ್ನಷ್ಟಕ್ಕೆ ಖಾಲಿಯಾಗುತ್ತದೆ ಎನ್ನುವವನ ಹಾಗೆ ಇದ್ದುಬಿಟ್ಟಿದ್ದೆ. ಇವತ್ತು ಇದನ್ನು ಬರೆಯುವಾಗ ತಂಬಾಕಿನ ಮೇಲೆ ಬರುವುದಕ್ಕಿಂತ ಹೆಚ್ಚು ಹೇಸಿಗೆ ನನಗೆ ಆ ಮನುಷ್ಯನ ಮೇಲೆ ಬರುತ್ತದೆ.

ನನ್ನದು ಎಲೆ ತಂಬಾಕು. ಎಡ ಅಂಗೈಯಲ್ಲಿ ತಂಬಾಕು, ಅದಕ್ಕೆ ಒಂದು ಚೂರು ಸುಣ್ಣ, ಬಲ ಹೆಬ್ಬೆರಳಿನಿಂದ ಚೆನ್ನಾಗಿ ತಿಕ್ಕಿ, ಎರಡು ಬಡಿತ ಬಡಿದು ಧೂಳು ಹಾರಿಸಿ, ಅಡಿಕೆ ಚೂರಿನ ಜೊತೆ ಕೆನ್ನೆಯ ಒಳಗೆ ಇಟ್ಟುಕೊಳ್ಳುವುದು. ಇದೆಲ್ಲ ನೀಲವ್ವನೇ ಹೊಲಿದುಕೊಟ್ಟ ಚಂಚಿಯಲ್ಲಿ, ಅಂದರೆ ಖಣದ ಬಟ್ಟೆಯ ಚೀಲದಲ್ಲಿ, ಸೊಂಟದಲ್ಲಿರುತ್ತಿತ್ತು. ಬಾಯಿ ಸದಾ ತುಂಬಿರುತ್ತಿದ್ದುದರಿಂದ ಮನೆಯಲ್ಲಿ ನಾನು ಆಡುತ್ತಿದ್ದದ್ದು ‘ಹೂಂ’, ‘ಉಹೂಂ’ ಎರಡೇ ಮಾತು. ಮಗಳು ಕಾಲೇಜಿನ ವಿಷಯ ಹೇಳಲು ಬಂದರೆ ಗದ್ದ ಮೇಲೆತ್ತಿ ರಸ ತಡೆದುಕೊಂಡು ಕೇಳುತ್ತಿದ್ದೆ. ಅವಳು ಹೇಳುವುದನ್ನು ಕಡಿಮೆ ಮಾಡಿದಳು.

ಇನ್ನೊಂದು ವಿಷಯ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನಮ್ಮದು ಲಿಂಗ ಕಟ್ಟಿದ ಮನೆತನ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡುವುದನ್ನು ಅಪ್ಪ ನನಗೆ ಎಂಟನೇ ವಯಸ್ಸಿನಲ್ಲಿ ಕಲಿಸಿದ್ದ. ತಂಬಾಕು ತಿಕ್ಕುವುದೂ ಅದೇ ಅಂಗೈಯಲ್ಲಿ. ಸುಣ್ಣ ತಿಂದು ತಿಂದು ಅಂಗೈಯ ನಡುವಿನ ಚರ್ಮ ಬಿಳಿಚಿ ಒರಟಾಗಿತ್ತು, ಎಷ್ಟು ತೊಳೆದರೂ ವಾಸನೆ ಹೋಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಲಿಂಗವನ್ನು ಅಂಗೈಯಲ್ಲಿಟ್ಟು ಕಣ್ಣಿನ ಮಟ್ಟಕ್ಕೆ ತಂದಾಗ ಮೂಗಿಗೆ ಬಡಿದದ್ದು ವಿಭೂತಿಯಲ್ಲ, ತಂಬಾಕು. ಬಡಿದದ್ದಷ್ಟೇ ಅಲ್ಲ, ಬಾಯಲ್ಲಿ ನೀರೂರಿತು. ಲಿಂಗ ಕೈಯಲ್ಲಿದೆ, ನನಗೆ ಯಾವಾಗ ಎದ್ದು ತಿಕ್ಕಿಕೊಂಡೇನು ಎಂದು ಅವಸರ. ಅವತ್ತಿನಿಂದ ಪೂಜೆ ಬಿಟ್ಟೆ. ತಂಬಾಕು ಬಿಡಲಿಲ್ಲ. ನೀಲವ್ವ ಕೇಳಿದರೆ ಹೊತ್ತಿಲ್ಲ ಎನ್ನುತ್ತಿದ್ದೆ.

ರೋಗ ಶುರುವಾದದ್ದು ಅಡಿಗೆಯ ಜಗಳದಿಂದ. ಪಲ್ಯ ಬಾಯಿಗಿಟ್ಟರೆ ಕೆನ್ನೆ ಒಳಗೆಲ್ಲ ಉರಿ. “ಖಾರ ಎಷ್ಟ್ ಹಾಕಿದಿ? ಮನುಷ್ಯಾರ ತಿನ್ನೂದೇನಿದು?” ಎಂದು ತಟ್ಟೆ ನೂಕಿದೆ. ನೀಲವ್ವ ಖಾರ ಕಡಿಮೆ ಮಾಡಿದಳು. ಮತ್ತೂ ಉರಿಯಿತು, ಮತ್ತೂ ಬೈದೆ. ಕೊನೆಗೆ ಒಂದು ದಿನ ಅವಳು ನನ್ನ ಎದುರಿಗೇ ಅದೇ ಪಲ್ಯ ತಿಂದು, “ಇದರಾಗ ಖಾರನ ಇಲ್ರಿ. ಉಪ್ಪು ಬ್ಯಾಳಿ ಅಷ್ಟ ಐತಿ” ಎಂದಳು. ನಾನು ನಂಬಲಿಲ್ಲ. ಅವಳಿಗೆ ನನ್ನ ಮೇಲೆ ಸಿಟ್ಟಿದೆ, ಸೇಡು ತೀರಿಸುತ್ತಿದ್ದಾಳೆ ಎಂದುಕೊಂಡೆ. ಸುಮಾರು ಒಂದು ವರ್ಷ ನನ್ನ ಬಾಯಿಯ ರೋಗವನ್ನು ಹೆಂಡತಿಯ ಕೈಗುಣಕ್ಕೆ ಕಟ್ಟಿ ತಿರುಗಿದೆ.

ಗುಟ್ಟು ಒಡೆದದ್ದು ನಾಗರಪಂಚಮಿಗೆ. ನಮ್ಮ ಕಡೆ ಪಂಚಮಿ ಎಂದರೆ ತವರಿಗೆ ಬರುವ ಹೆಣ್ಣುಮಕ್ಕಳ ಹಬ್ಬ, ಉಂಡಿಗಳ ಹಬ್ಬ. ಹುನಗುಂದಕ್ಕೆ ಕೊಟ್ಟಿರುವ ನನ್ನ ಅಕ್ಕ ಸುವರ್ಣಕ್ಕ ಬಂದಿದ್ದಳು. ಶೇಂಗಾ ಉಂಡಿ ಹಿಡಿದುಕೊಂಡು, “ಬಾಯಿ ತಗಿಯೋ ಮಲ್ಲೂ” ಎಂದು ಚಿಕ್ಕವನಿಗೆ ತಿನ್ನಿಸುವ ಹಾಗೆ ಬಾಯಿಯ ಹತ್ತಿರ ತಂದಳು. ನಾನು ತೆಗೆದೆ.

“ದೊಡ್ಡದಾಗಿ ತಗಿ.”

“ತಗದೇನಿ.”

“ನಾಟಕ ಮಾಡಬ್ಯಾಡೋ, ತಗಿ.”

ಉಂಡಿ ಹಲ್ಲಿಗೆ ತಾಗಿ ನಿಂತಿತು. ಅವಳು ನಗುತ್ತಲೇ ಒತ್ತಿದಳು, ಉಂಡಿ ಒಡೆದು ನನ್ನ ಅಂಗಿಯ ಮೇಲೆಲ್ಲ ಉದುರಿತು. ಅವಳ ನಗು ನಿಂತದ್ದನ್ನು ನಾನು ನೋಡಿದೆ. ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ಒಳಗೆ ನೋಡಿದಳು, ನಾತಕ್ಕೆ ಮುಖ ಕಿವುಚಿದಳು, ಆದರೂ ಕೈ ಬಿಡಲಿಲ್ಲ. “ನೀಲಾ, ಇವನ ಬಾಯಿ ಯಾವಾಗಿಂದ ಹಿಂಗೈತಿ?” ಎಂದು ಕೇಳಿದಳು. ನೀಲವ್ವ ಎದ್ದು ಒಳಗೆ ಹೋದಳು. ಅಳುತ್ತಿದ್ದಾಳೆ ಎಂದು ಆಮೇಲೆ ಗೊತ್ತಾಯಿತು.

ಹಬ್ಬ ಮುಗಿಯುತ್ತಲೇ ಅಕ್ಕ ನನ್ನನ್ನು ಬಾಗಲಕೋಟೆಯ ದೊಡ್ಡ ದವಾಖಾನೆಗೆ ಎಳೆದುಕೊಂಡು ಹೋದಳು. ಡಾಕ್ಟರ್ ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ನನ್ನವೇ ಬೆರಳುಗಳನ್ನು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಾಕಿ ಎಂದಳು. ಸರಿಯಿರುವ ಬಾಯಿಗೆ ಮೂರು ಬೆರಳು ಹೋಗಬೇಕಂತೆ. ನನಗೆ ಎರಡನೆಯದೇ ಉಗುರಿನ ತನಕ ಹೋಗಿ ಸಿಕ್ಕಿಕೊಂಡಿತು. ಅವಳು ಕೈಗವಸು ಹಾಕಿಕೊಂಡು ಕೆನ್ನೆಯ ಒಳಗೆ ಒತ್ತಿ ನೋಡಿದಳು. ಕೆನ್ನೆ ಹಲಗೆಯ ಹಾಗೆ ಬಿಗಿದಿತ್ತು. ಎಡಗಡೆ, ನಾನು ಯಾವಾಗಲೂ ತಂಬಾಕು ಇಡುವ ಜಾಗದಲ್ಲಿ, ಒಂದು ಬಿಳಿ ಮಚ್ಚೆ.

“ಇದು ಅದ ಅಂತ ಈಗ ಹೇಳಾಕ ಬರೂದಿಲ್ರಿ,” ಎಂದಳು. ಕ್ಯಾನ್ಸರ್ ಎನ್ನುವ ಮಾತನ್ನು ಅವಳೂ ಆಡಲಿಲ್ಲ, ನಾವೂ ಆಡಲಿಲ್ಲ. “ಒಂದ್ ಚೂರು ತಗದು ಪರೀಕ್ಷಾಕ್ಕ ಕಳಸ್ತೇವಿ. ಆದ್ರ ರಿಪೋರ್ಟ್ ಏನರೆ ಬರ್ಲಿ, ನೀವು ತಂಬಾಕು ಅಡಿಕಿ ಬಿಡಬೇಕು. ಬಿಡಲಿಲ್ಲಂದ್ರ ಇವತ್ತಲ್ಲ ನಾಳೆ ಅದ ಆಕ್ಕೈತಿ. ಬಾಯೂ ಪೂರಾ ಮುಚ್ಚತೈತಿ.”

“ಬಿಡ್ತೇನ್ರಿ ಮೇಡಂ, ಆಣಿ ಮಾಡಿ ಹೇಳ್ತೇನಿ,” ಎಂದೆ.

ಆಣೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಇಳಕಲ್ಲಿನಲ್ಲಿ ಇರಲಿಲ್ಲ. ಅದಕ್ಕೆ ಮೊದಲು ಐದಾರು ಸಲ ಬಿಟ್ಟಿದ್ದೆ, ಪ್ರತಿ ಸಲವೂ ಆಣೆ ಮಾಡಿಯೇ. ಒಮ್ಮೆ ಮಗಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದೆ. ನಾಲ್ಕನೇ ದಿನ ಮುರಿದೆ, ವಾರದಲ್ಲಿ ಅವಳಿಗೆ ಜ್ವರ ಬಂತು. ನನ್ನಿಂದಲೇ ಬಂತೆಂದು ಹೆದರಿ, ಆ ಹೆದರಿಕೆ ತಡೆಯಲಾರದೆ ಮೊದಲಿನದಕ್ಕಿಂತ ಎರಡು ಪಟ್ಟು ತಿಂದೆ. ಇನ್ನೊಮ್ಮೆ ಕೂಡಲಸಂಗಮಕ್ಕೆ ಹೋಗಿ, ನೀರಿನಲ್ಲಿ ನಿಂತು ಆಣೆ ಮಾಡಿ, ನೀಲವ್ವ ಹೊಲಿದ ಚಂಚಿಯನ್ನು ಹೊಳೆಗೆ ಎಸೆದೆ. ನೀಲವ್ವ ದಡದಲ್ಲಿ ನಿಂತು ಕೈ ಮುಗಿದಳು. ಅವತ್ತೇ ಮಧ್ಯಾಹ್ನ ಹುನಗುಂದದ ಬಸ್ ನಿಲ್ದಾಣದಲ್ಲಿ ಇಳಕಲ್ಲಿನ ಬಸ್ಸಿಗೆ ಕಾಯುವಾಗ, ಮೂತ್ರಕ್ಕೆ ಹೋಗಿ ಬರುತ್ತೇನೆ ಎಂದು ಹೋಗಿ ಹೊಸ ತಂಬಾಕು, ಹೊಸ ಸುಣ್ಣದ ಡಬ್ಬಿ ಕೊಂಡೆ. ಸಂಗಮದ ನೀರಿಗೆ ಒದ್ದೆಯಾದ ಧೋತರ ಇನ್ನೂ ಆರಿರಲಿಲ್ಲ. ಲವಂಗ ತಿಂದು ನೋಡಿದೆ, ಬಡೇಸೋಪು ತಿಂದು ನೋಡಿದೆ, ಬಿಡಲೆಂದೇ ಔಷಧ ಅಂಗಡಿಯಲ್ಲಿ ಕೊಡುವ ಗಮ್ಮನ್ನು ಬಲಗೆನ್ನೆಗೆ, ತಂಬಾಕನ್ನು ಎಡಗೆನ್ನೆಗೆ ಇಟ್ಟುಕೊಂಡು ನೋಡಿದೆ. ಇದಕ್ಕಿಂತ ಹೇಸಿ ಬಾಳು ಬೇರೆ ಇರಲಿಕ್ಕಿಲ್ಲ.

ರಿಪೋರ್ಟಿನ ದಿನ ದವಾಖಾನೆಯ ಬೆಂಚಿನ ಮೇಲೆ ಕೂತಿದ್ದೆ. ಅಕ್ಕ ಚೀಟಿ ಮಾಡಿಸಲು ಸಾಲಿನಲ್ಲಿ ನಿಂತಿದ್ದಳು. ಗೋಡೆಯ ಮೇಲೆ ‘ಇಲ್ಲಿ ಉಗುಳಬಾರದು’ ಎಂದು ಬರೆದಿತ್ತು, ಅದರ ಕೆಳಗೆ ಮೂಲೆಯುದ್ದಕ್ಕೂ ಕೆಂಪು. ಬಾಯಿಯ ರೋಗಕ್ಕೆಂದು ಬಂದವರೇ ಉಗುಳಿದ್ದು. ನನ್ನ ಪಕ್ಕದಲ್ಲಿ ಒಬ್ಬ ಮನುಷ್ಯ ಟವೆಲನ್ನು ಮೂಗಿನ ಕೆಳಗಿನಿಂದ ಸುತ್ತಿಕೊಂಡು ಕೂತಿದ್ದ. ಟವೆಲು ಒಂದು ಬದಿಗೆ ಒಳಕ್ಕೆ ಇಳಿದಿತ್ತು. ಅಲ್ಲಿ ದವಡೆ ಇರಲಿಲ್ಲ. ಕೀವಿನ ವಾಸನೆ ಬರುತ್ತಿತ್ತು. ನಾನು ಅತ್ತ ಸರಿದೆ, ಅವನೂ ಸರಿದ. ಟವೆಲಿನ ಒಳಗಿಂದ ಏನೋ ಅಂದ. ಎರಡನೇ ಸಲಕ್ಕೆ ಅರ್ಥವಾಯಿತು.

“ತಂಬಾಕ ಐತೇನ್ರಿ?”

ನಾನು ಅವನ ಮುಖ ನೋಡಿದೆ. “ತಿನ್ನಾಕ ಬರೂದಿಲ್ರಿ ನನಗ,” ಎಂದ. “ತಿಕ್ಕಿ ಕೈ ತೋರ್ಸ್ರಿ. ವಾಸನಿ ಅರೆ ನೋಡ್ತೇನಿ.”

ಎದ್ದು ಹೋಗಬೇಕಿತ್ತು. ಹೋಗಲಿಲ್ಲ. ನನ್ನ ಕೈ ಸೊಂಟಕ್ಕೆ ಹೋಯಿತು. ರಿಪೋರ್ಟಿಗೆ ಕಾಯುತ್ತಾ ಕೂತವನು ಎಡ ಅಂಗೈಯಲ್ಲಿ ತಂಬಾಕು ಹಾಕಿ, ಸುಣ್ಣ ಹಚ್ಚಿ ತಿಕ್ಕಿದೆ. ಅವನು ಟವೆಲು ಸ್ವಲ್ಪ ಕೆಳಗೆ ಮಾಡಿ ನನ್ನ ಅಂಗೈಗೆ ಮೂಗು ಹಚ್ಚಿ, ಕಣ್ಣು ಮುಚ್ಚಿ ಉಸಿರೆಳೆದ. ಟವೆಲಿನಿಂದ ಜೊಲ್ಲು ಸೋರಿ ನನ್ನ ಮಣಿಕಟ್ಟಿನ ಮೇಲೆ ಬಿತ್ತು. ನಾನು ಕೈ ಎಳೆದುಕೊಳ್ಳಲಿಲ್ಲ. ಅವನು ಮೂಸಿ ಮುಗಿಸಿದ ಮೇಲೆ ಅದೇ ಚಿಟಿಕೆಯನ್ನು ಎತ್ತಿ ನನ್ನ ಬಾಯಿಗೆ ಹಾಕಿಕೊಂಡೆ.

ಇದನ್ನು ನೀಲವ್ವನಿಗೆ ಹೇಳಿಲ್ಲ. ಓದಿದರೆ ಈಗ ಗೊತ್ತಾಗುತ್ತದೆ.

ರಿಪೋರ್ಟಿನಲ್ಲಿ ಅದು ಇರಲಿಲ್ಲ. “ಇನ್ನೂ ಆಗಿಲ್ರಿ,” ಎಂದಳು ಡಾಕ್ಟರ್. ‘ಇನ್ನೂ’ ಎನ್ನುವುದನ್ನು ಅವಳು ಒತ್ತಿ ಹೇಳಿದಳು, ನಾನು ‘ಆಗಿಲ್ಲ’ ಎನ್ನುವುದನ್ನಷ್ಟೇ ಕೇಳಿಸಿಕೊಂಡೆ. ಹೊರಗೆ ಬಂದು ಗೇಟಿನ ಹತ್ತಿರ ಸಂತೋಷಕ್ಕೆ ಮತ್ತೊಮ್ಮೆ ತಿಕ್ಕಿದೆ. ಹಿಂದೆ ತಿರುಗಿದರೆ ಸುವರ್ಣಕ್ಕ ಔಷಧದ ಚೀಲ ಹಿಡಿದು ನಿಂತಿದ್ದಾಳೆ. ಬೈಯಲಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿದ್ದರೂ ಮುಂದೆ ಹೋಗಿ ಬೇರೆ ಹೆಂಗಸಿನ ಪಕ್ಕ ಕೂತಳು. ಹುನಗುಂದ ಬಂದು ಇಳಿಯುವಾಗ ಕಿಟಕಿಯ ಹತ್ತಿರ ಬಂದು ಹೇಳಿದಳು: “ಶುಕ್ರವಾರ ದವಾಖಾನ್ಯಾಗ ತಂಬಾಕು ಬಿಡವ್ರ ಬೈಠಕ್ ಇರ್ತೈತಂತ. ನಿನ್ನ ಹೆಸರು ಬರಸೇನಿ. ಹೋಗ್ಲಿಲ್ಲಂದ್ರ ಮುಂದಿನ ಪಂಚಮಿಗೆ ನಾ ಬರಂಗಿಲ್ಲ.”

ಹೋದೆ. ಒಂದು ಕೋಣೆ, ಒಂದು ಫ್ಯಾನು, ಗೋಡೆಗೆ ಹಚ್ಚಿದ ಕುರ್ಚಿಗಳು, ಹತ್ತು ಹನ್ನೆರಡು ಜನ. ಭಾಷಣ ಇರುತ್ತದೆ ಎಂದುಕೊಂಡಿದ್ದೆ, ಇರಲಿಲ್ಲ. ನಡೆಸುವ ಮನುಷ್ಯ ಹೊಸಬರಿಗೆಲ್ಲ ಒಬ್ಬೊಬ್ಬ ಹಳಬರನ್ನು ಜೋಡಿ ಮಾಡಿದ. ತಿನ್ನಬೇಕು ಅನ್ನಿಸಿದಾಗ ಆ ಹಳಬರಿಗೆ ಫೋನ್ ಮಾಡಬೇಕು, ಅಷ್ಟೇ. ನನ್ನ ಜೋಡಿಗೆ ಬಂದದ್ದು ಶಿರೂರಿನ ಶಾಂತವ್ವ. ಅರವತ್ತು ದಾಟಿದ ಮುದುಕಿ, ಬೀರಪ್ಪನ ಒಕ್ಕಲು, ಮನೆಯಲ್ಲಿ ಕುರಿ. ಮೂವತ್ತು ವರ್ಷ ತಂಬಾಕಿನ ಪುಡಿಯನ್ನು ಒಸಡಿಗೆ ತಿಕ್ಕಿಕೊಂಡವಳು, ಬಿಟ್ಟು ಒಂದೂವರೆ ವರ್ಷವಾಗಿತ್ತು. ನಕ್ಕರೆ ಒಸಡು ಕಪ್ಪು, ಉಳಿದ ನಾಲ್ಕು ಹಲ್ಲೂ ಕಪ್ಪು. ಇವಳ ಜೊತೆ ನಾನು ಮಾತಾಡಬೇಕೇ ಎನ್ನುವುದು ಮುಖದಲ್ಲಿ ಕಂಡಿರಬೇಕು.

“ಹೇಸಿಕಿ ಬಂತೇನೋ ತಮ್ಮಾ?” ಎಂದಳು.

“ಹಂಗೇನಿಲ್ಲ ಯವ್ವಾ.”

“ಸುಳ್ಳ ಹೇಳಬ್ಯಾಡ. ನಿನ್ನ ಮಾರಿ ನೋಡಿ ನನಗೂ ಹೇಸಿಕಿ ಬಂದೈತಿ. ಇಬ್ರೂ ಸಮ ಆತು. ಬಾ, ಕುಂಡ್ರು.”

ಕೂತೆ. ಇನ್ನು ಜನ್ಮದಲ್ಲಿ ತಿನ್ನುವುದಿಲ್ಲ, ಲಿಂಗದ ಮೇಲೆ ಆಣೆ ಮಾಡುತ್ತೇನೆ ಎಂದು ಶುರು ಮಾಡಿದೆ. ಅವಳು ಕೈ ಅಡ್ಡ ಹಿಡಿದಳು. “ಆಣಿ ಮಾಡಬ್ಯಾಡ. ನಿನ್ನಂಥವ್ರು ಆಣಿ ಮಾಡೂದು ಮುರಿಯಾಕ. ಮುರದ್ ಮ್ಯಾಲ ಹೆಂಗೂ ಪಾಪ ಬಂತು, ಇನ್ನೊಂದೀಟು ತಿನ್ನೂನು ಅಂತ ತಿಂತೀರಿ. ಫೋನ್ ಮಾಡು. ತಿನ್ನೂಕಿಂತ ಮೊದ್ಲ ಮಾಡು. ತಡಿಯಾಕ ಆಗದ ತಿಂದಿ, ಆವಾಗೂ ಮಾಡು.”

ಯಾರೂ ನನಗೆ ಹಾಗೆ ಹೇಳಿರಲಿಲ್ಲ. ತಿಂದ ಮೇಲೂ ಮುಖ ತೋರಿಸಬಹುದು ಎಂದು ಯಾರೂ ಹೇಳಿರಲಿಲ್ಲ.

“ಉಗುಳೂ ಡಬ್ಬಿ ಐತೇನು ಮನ್ಯಾಗ?” ಎಂದು ಕೇಳಿದಳು. ಇದೆ ಎಂದೆ. “ಯಾರು ಚೆಲ್ತಾರ?”

“ಹೆಂಡತಿ,” ಎಂದೆ.

“ನಾಳೆ ನೀ ಚೆಲ್ಲು,” ಎಂದಳು.

ಮರುದಿನ ಬೆಳಿಗ್ಗೆ ನೀಲವ್ವ ಡಬ್ಬಿಗೆ ಬಗ್ಗುವ ಮೊದಲೇ ನಾನು ಕುಣಿಗೆ ಇಳಿದೆ. ಹಿಂದಿನ ದಿನ ಚೆಲ್ಲುವುದು ತಪ್ಪಿತ್ತು, ಎರಡು ದಿನದ್ದು ಸೇರಿ ಅಂಚಿನವರೆಗೆ ಬಂದಿತ್ತು. ಎತ್ತಿದ ಕೂಡಲೇ ಒಳಗಿನದು ಒಂದೇ ಮುದ್ದೆಯಾಗಿ ಆ ಬದಿಯಿಂದ ಈ ಬದಿಗೆ ಸರಿಯಿತು. ಹಿತ್ತಲಿಗೆ ಒಯ್ದು ಬಗ್ಗಿಸಿದರೆ ಪೂರ್ತಿ ಬೀಳಲಿಲ್ಲ. ತಳಕ್ಕೆ ಹಿಡಿದುಕೊಂಡಿತ್ತು. ಕಡ್ಡಿಯಿಂದ ಕೆರೆಯಬೇಕಾಯಿತು. ಕೆರೆದಂತೆ ಎಳೆ ಎಳೆಯಾಗಿ ಬಂತು. ಅಲ್ಲೇ ಗೋಡೆ ಹಿಡಿದು ವಾಂತಿ ಮಾಡಿದೆ. ನನ್ನ ಬಾಯಿಯಿಂದ ಬಂದದ್ದೇ ಎಲ್ಲ, ಬೇರೆ ಯಾರದೂ ಅಲ್ಲ. ಹಿಂದಿನಿಂದ ನೀಲವ್ವ ನೀರಿನ ತಂಬಿಗೆ ತಂದು ಇಟ್ಟಳು. “ಮೊದಲಿಗೆ ಹಂಗಾಕ್ಕೈತ್ರಿ. ಒಂದ್ ತಿಂಗಳಿಗೆ ರೂಢಿ ಆಕ್ಕೈತಿ,” ಎಂದಳು. ಕುಹಕವಿರಲಿಲ್ಲ ಆ ಮಾತಿನಲ್ಲಿ. ಅವಳು ಅನುಭವದ ಮಾತು ಹೇಳಿದ್ದಳು. ಬಾಯಿ ಬಿಟ್ಟು ಅತ್ತೆ, ಎಷ್ಟು ಬಿಡಲು ಬರುತ್ತಿತ್ತೋ ಅಷ್ಟು.

ಡಬ್ಬಿ ತಿಪ್ಪೆಗೆ ಹೋಯಿತು. ಆಮೇಲಿನ ಮೂರು ವಾರ ಹೇಗೆ ಕಳೆದವೆಂದು ಹೇಳಲು ನನಗೆ ಸರಿಯಾಗಿ ಬರುವುದಿಲ್ಲ. ಬಾಯಿ ಖಾಲಿ, ಕೈ ಖಾಲಿ, ತಲೆಯಲ್ಲಿ ಜೀರುಂಡೆ. ಸಿಟ್ಟು ಮೂಗಿನ ತುದಿಯಲ್ಲಿ. ಲಾಳಿ ಎರಡು ಸಲ ಎಳೆ ಹರಿಯಿತು, ಬೆಕ್ಕಿಗೆ ಒದ್ದೆ, ಮಗಳ ಮೇಲೆ ಕೂಗಾಡಿದೆ. ಕೆನ್ನೆಗೆ ವಾರಕ್ಕೊಂದು ಇಂಜೆಕ್ಷನ್. ಜೊತೆಗೆ ಬಿಗಿದ ಬಾಯಿ ಅಗಲಿಸಲೆಂದು ದಿನಕ್ಕೆ ನಾಲ್ಕು ಸಲ ಐಸ್‌ಕ್ರೀಮಿನ ಕಟ್ಟಿಗೆಯ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಮುಂದಿನ ಹಲ್ಲುಗಳ ನಡುವೆ ತುರುಕಿಕೊಂಡು ಕೂರಬೇಕು. ಅಭ್ಯಾಸವಾದಂತೆ ಇನ್ನೊಂದು ಕಡ್ಡಿ ಸೇರಿಸಬೇಕು. ಕಡ್ಡಿಯ ಸಂದಿಯಿಂದ ಜೊಲ್ಲು ಸುರಿದು ಎದೆಯ ಮೇಲಿನ ಟವೆಲು ಒದ್ದೆಯಾಗುತ್ತಿತ್ತು. ಮಗ್ಗದ ಮೇಲಿನ ಸೀರೆ ಖರೀದಿಸಲು ಬಂದ ಹೆಣ್ಣುಮಕ್ಕಳು ನನ್ನನ್ನು ಹಾಗೆ ನೋಡಿ ಬಾಗಿಲಲ್ಲೇ ನಿಂತರು.

ಶಾಂತವ್ವನಿಗೆ ದಿನಕ್ಕೆ ಏಳೆಂಟು ಸಲ ಫೋನ್ ಹೋಗುತ್ತಿತ್ತು. ಅವಳು ಬುದ್ಧಿ ಹೇಳುತ್ತಿರಲಿಲ್ಲ. ಹಿಂದೆ ಕುರಿಗಳ ಸದ್ದು ಕೇಳುತ್ತಿರುವಾಗ, “ಹೇಳು, ಈಗ ಯಾವ ಬಣ್ಣದ್ದು ನೇಯಾಕತ್ತಿ?” ಎನ್ನುತ್ತಿದ್ದಳು. ಇಲ್ಲವೆಂದರೆ ಒಂದು ಕುರಿಯ ಗೊರಸಿಗೆ ಹುಳ ಬಿದ್ದದ್ದನ್ನು, ಅದನ್ನು ತಾನು ಕಡ್ಡಿಯಿಂದ ತೆಗೆದದ್ದನ್ನು ವಿವರವಾಗಿ ಹೇಳುತ್ತಿದ್ದಳು. ಆ ಹುಳದ ಕಥೆ ಮುಗಿಯುವ ಹೊತ್ತಿಗೆ ತಂಬಾಕಿನ ನೆನಪಷ್ಟೇ ಅಲ್ಲ, ಊಟದ ನೆನಪೂ ಹೋಗಿರುತ್ತಿತ್ತು.

ನಾನು ಮತ್ತೆ ತಂಬಾಕಿಗೆ ಬಿದ್ದದ್ದು ಕೊಂಡಿ ಹಾಕುವ ದಿನ. ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ಹಾಸಿನ ನೂಲು, ಅಂದರೆ ಉದ್ದಕ್ಕೆ ಹಾಯುವ ಎಳೆ, ಬೇರೆ ಬೇರೆ. ಒಡಲಿನ ಪ್ರತಿ ಎಳೆಗೂ ಸೆರಗಿನ ಒಂದು ಎಳೆಯನ್ನು ಕೊಂಡಿ ಹಾಕಿ ಸೇರಿಸಬೇಕು. ಅರ್ಧ ದಿನ ಕಣ್ಣು ಕೀಲಿಸಿ ಕೂರುವ ಕೆಲಸ. ನನ್ನ ಇಡೀ ಜೀವನದಲ್ಲಿ ಕೆನ್ನೆಯಲ್ಲಿ ತಂಬಾಕು ಇಲ್ಲದೆ ಕೊಂಡಿ ಹಾಕಿದವನಲ್ಲ ನಾನು. ಬೆರಳು ನಡುಗಿ ಎಳೆಗಳೆಲ್ಲ ಕಲಸಿಹೋದವು. ಎದ್ದು ಓಣಿಯ ಕೊನೆಗೆ ಹೋಗಿ ತಂದು, ಮಗ್ಗದ ಹಿಂದೆ ಗೋಡೆಗೆ ಮುಖ ಮಾಡಿ ನಿಂತು ತಿಕ್ಕಿ ಹಾಕಿಕೊಂಡೆ. ಬೆರಳ ನಡುಕ ನಿಂತಿತು. ಆ ಸುಖವನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯ. ಆಗ ಫೋನ್ ಬಡಿಯಿತು. ಬೆಳಗಿನಿಂದ ನಾನು ಮಾಡಿಲ್ಲವೆಂದು ಅವಳೇ ಮಾಡಿದ್ದಳು.

“ಯಾಕೋ ತಮ್ಮಾ, ಆರಾಮ ಅದೀ?”

“ಹೂಂ.”

“ತಿಂದೇನು?”

“ಉಹೂಂ.”

“ನಿನ್ನ ಹೆಂಡತಿ ಹೆಸರು ಹೇಳು,” ಎಂದಳು. ಬಾಯಿ ತುಂಬಿದವನು ಹೇಳುವುದು ಹೇಗೆ? ಗದ್ದ ಮೇಲೆತ್ತಿ ಹೇಳಲು ಹೋದೆ, ರಸ ಗದ್ದದ ಮೇಲೆ ಇಳಿದು ಮಗ್ಗದ ಮೇಲಿದ್ದ ಬಿಳಿ ಎಳೆಗಳ ಮೇಲೆ ತೊಟ್ಟಿಕ್ಕಿತು. ಬೈಗುಳಕ್ಕೆ ಕಾಯುತ್ತಾ ನಿಂತೆ.

“ಹೋಗು, ಉಗುಳಿ ಬಾ,” ಎಂದಳು. “ಬಾಯಿ ತೊಳಕೊಂಡು ಬಾ. ಫೋನ್ ಇಡಬ್ಯಾಡ. ನಾ ಹಿಡಕೊಂಡಿರ್ತೇನಿ.”

ಹಿತ್ತಲಿಗೆ ಹೋಗಿ ಉಗುಳಿದೆ. ಮೂರು ತಂಬಿಗೆ ನೀರಿನಲ್ಲಿ ಬಾಯಿ ಮುಕ್ಕಳಿಸಿದೆ. ಆಕೆ ಇಟ್ಟುಬಿಟ್ಟಿರಲಿ ಎಂದು ಮನಸ್ಸಿನಲ್ಲಿ ಬೇಡಿಕೊಳ್ಳುತ್ತಾ ನಿಧಾನವಾಗಿ ಬಂದೆ. ಫೋನ್ ಕಿವಿಗಿಟ್ಟರೆ ಕುರಿಗಳ ಸದ್ದು.

“ಬಂದೇನು? ಈಗ ಹೇಳು ಹೆಂಡತಿ ಹೆಸರು.”

“ನೀಲವ್ವ,” ಎಂದೆ.

“ಛಲೋ ಹೆಸರು. ಇನ್ನ ಎಷ್ಟ್ ಎಳಿ ಉಳದಾವು? ಕೊಂಡಿ ಹಾಕು. ನಾ ಇಲ್ಲೇ ಅದೇನಿ.”

ಫೋನನ್ನು ಮಗ್ಗದ ಮೇಲಿಟ್ಟು ಉಳಿದ ಕೊಂಡಿ ಹಾಕಿದೆ. ಅವಳು ಆ ಕಡೆ ಕುರಿಗಳನ್ನು ಬೈಯುತ್ತಾ, ಸೊಸೆಯ ಜೊತೆ ಮಾತಾಡುತ್ತಾ, ನನ್ನನ್ನು ಮರೆತವಳ ಹಾಗೆ ಇದ್ದಳು. ಫೋನ್ ಮಾತ್ರ ಇಡಲಿಲ್ಲ. ಅದೇ ನನ್ನ ಕೊನೆಯ ತಂಬಾಕು. ಕೊನೆಯದೆಂದು ಆಗ ಗೊತ್ತಿರಲಿಲ್ಲ, ಆಣೆ ಮಾಡಿರಲಿಲ್ಲವಲ್ಲ.

ನಾಲ್ಕು ತಿಂಗಳ ನಂತರ ಒಂದು ಮಧ್ಯಾಹ್ನ ನಾನು ಕಡ್ಡಿ ತುರುಕಿಕೊಂಡು ಕೂತಿದ್ದಾಗ ಅವಳ ಫೋನ್ ಬಂತು. ಕಡ್ಡಿ ತೆಗೆದು, ಜೊಲ್ಲು ಒರೆಸಿ ಎತ್ತಿಕೊಂಡೆ. ಅವಳ ದನಿ ಬೇರೆ ಇತ್ತು. ಅವಳ ಅಣ್ಣ ತೀರಿಕೊಂಡಿದ್ದನಂತೆ, ಮಣ್ಣಿಗೆಂದು ಆ ಮನೆಗೆ ಹೋಗಿದ್ದಳು. ಹೆಂಗಸರೆಲ್ಲ ಕೂತು ಅತ್ತ ಮೇಲೆ ಯಾರೋ ಪುಡಿಯ ಡಬ್ಬಿ ತೆರೆದು ಕೈಗೆ ಹಾಕಿದ್ದರು.

“ತಮ್ಮಾ, ಕೈಯಾಗೈತಿ,” ಎಂದಳು. “ಎರಡ್ ವರ್ಷ ಆಗಾಕ ಬಂದಿತ್ತು.”

ಎರಡು ವರ್ಷದವಳಿಗೆ ನಾಲ್ಕು ತಿಂಗಳಿನವನು ಏನು ಹೇಳುವುದು? ನನಗೆ ಬುದ್ಧಿ ಹೇಳಲು ಬರುವುದಿಲ್ಲ, ಕುರಿಯ ಹುಳದ ಕಥೆಯೂ ಇಲ್ಲ. “ಕೈ ತೊಳಕೊಂಡು ಬಾ ಯವ್ವಾ,” ಎಂದೆ. “ನಾ ಹಿಡಕೊಂಡಿರ್ತೇನಿ.”

ಬಹಳ ಹೊತ್ತು ಹಿಡಿದೆ. ಆ ಕಡೆ ಯಾರೋ ಅಳುತ್ತಿದ್ದದ್ದು ಕೇಳುತ್ತಿತ್ತು, ಪಾತ್ರೆಯ ಸದ್ದು ಕೇಳುತ್ತಿತ್ತು. ಇವಳು ಬರದಿದ್ದರೆ ನಾನೂ ಉಳಿಯುವುದಿಲ್ಲ ಎನ್ನಿಸಿತು. ಆಮೇಲೆ, “ಬಂದ್ನೋ,” ಎಂದಳು. “ಹೇಳು, ಈಗ ಯಾವ ಬಣ್ಣದ್ದು ನೇಯಾಕತ್ತಿ?” ದಾಳಿಂಬೆ ಬಣ್ಣದ್ದು ಎಂದು ಹೇಳಿದೆ.

ಒಂದು ವರ್ಷ ಕಳೆದು ಪಂಚಮಿ ಬಂತು, ಸುವರ್ಣಕ್ಕನೂ ಬಂದಳು. ಉಂಡಿ ಇಡಿಯಾಗಿ ಹೋಗಲಿಲ್ಲ. ಡಾಕ್ಟರ್ ಹೇಳಿದ್ದಾರೆ, ಬಿಗಿದದ್ದು ಪೂರ್ತಿ ಸಡಿಲುವುದಿಲ್ಲ, ಎರಡು ಬೆರಳಿನ ಮೇಲೆ ಇನ್ನೊಂದು ಅರ್ಧ ಬೆರಳು ಸಿಕ್ಕರೆ ದೊಡ್ಡದು ಎಂದು. ಅಕ್ಕ ಉಂಡಿಯನ್ನು ಎರಡು ಮಾಡಿ ತಿನ್ನಿಸಿದಳು. ನೀಲವ್ವ ಪಲ್ಯಕ್ಕೆ ಈಗಲೂ ಖಾರ ಹಾಕುವುದಿಲ್ಲ, ತನಗೆ ಬೇರೆ ಚಟ್ನಿ ಮಾಡಿಕೊಳ್ಳುತ್ತಾಳೆ. ಅವಳನ್ನು ಬೈದ ಮಾತುಗಳಿಗೆ ಕ್ಷಮೆ ಕೇಳಿದೆ. “ಆತ್ ಬಿಡ್ರಿ” ಎಂದಳು. ಆದರೆ ಅಷ್ಟು ಸುಲಭಕ್ಕೆ ಆಗಿಲ್ಲವೆಂದು ನನಗೆ ಗೊತ್ತು, ಆಗಬಾರದು ಕೂಡ.

ಆ ಬಿಳಿ ಮಚ್ಚೆಯಿಂದ ಮತ್ತೊಮ್ಮೆ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಆ ರಿಪೋರ್ಟಿನಲ್ಲೂ ಅದು ಇರಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಓದುವವರನ್ನು ನನ್ನ ಜೊತೆ ಆ ಬೆಂಚಿನ ಮೇಲೆ ಕೂರಿಸುವ ಪಾಪ ನನಗೆ ಬೇಡ. ಆದರೆ ರಿಪೋರ್ಟಿಗೆ ಕಾಯುತ್ತಿದ್ದಾಗ ನನಗದು ಗೊತ್ತಿರಲಿಲ್ಲ. ಅದೇ ಬೆಂಚು, ಅದೇ ಗೋಡೆ, ಮೂಲೆಯಲ್ಲಿ ಹೊಸ ಕೆಂಪು. ಟವೆಲಿನ ಮನುಷ್ಯನನ್ನು ಕಣ್ಣು ಹುಡುಕಿತು. ಅವನು ಇರಲಿಲ್ಲ. ಅವನ ಹೆಸರನ್ನೂ ನಾನು ಕೇಳಿರಲಿಲ್ಲ.

ಪಕ್ಕದಲ್ಲಿ ನನ್ನ ವಯಸ್ಸಿನವನೇ ಒಬ್ಬ ಬಂದು ಕೂತ. ಗ್ರಾನೈಟ್ ಪಾಲಿಶ್ ಕೆಲಸದವನು, ಕೂದಲಲ್ಲಿ, ಹುಬ್ಬಿನಲ್ಲಿ ಕಲ್ಲಿನ ಬಿಳಿ ಪುಡಿ. ತುಟಿಯ ಎರಡೂ ತುದಿಗೆ ಕಂದು ಕಟ್ಟಿತ್ತು. ಕೈಯಲ್ಲಿ ಡಾಕ್ಟರ ಚೀಟಿ. ಆ ಕಡೆ ಈ ಕಡೆ ನೋಡಿ ನನ್ನ ಕಿವಿಯ ಹತ್ತಿರ ಬಗ್ಗಿದ. ಬಾಯಿಯ ನಾತ ಮುಖಕ್ಕೆ ಹೊಡೆಯಿತು.

“ತಂಬಾಕ ಐತೇನ್ರಿ?”

ನಾನು ಎಡ ಅಂಗೈಯನ್ನು ಅವನ ಮುಂದೆ ಹಿಡಿದೆ. “ಮೂಸಿ ನೋಡು.”

ಅವನು ತಮಾಷೆ ಎಂದುಕೊಂಡ. ಆದರೂ ಆಸೆ ಬಿಡಬೇಕಲ್ಲ, ಬಗ್ಗಿ ಮೂಸಿದ. ಇನ್ನೊಮ್ಮೆ ಮೂಸಿದ.

“ಏನಿಲ್ಲಲ್ರಿ,” ಎಂದ. “ಈಬತ್ತಿ ವಾಸನಿ ಬರತೈತಿ.”

ವಿಭೂತಿಯ ವಾಸನೆಯೇ ಅದು, ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಬಂದಿದ್ದೆ. ಅವನ ತುಟಿಯ ತುದಿಯಲ್ಲಿ ಒಂದು ಗುಳ್ಳೆ ಬಂದು ಒಡೆಯಿತು.

“ನಿನ್ನ ಮಾರಿ ನೋಡಿ ನನಗ ಹೇಸಿಕಿ ಬಂತು,” ಎಂದೆ.

ಅವನು ಸಿಟ್ಟಿನಿಂದ ಎದ್ದ. ನಾನು ಅವನ ತೋಳು ಹಿಡಿದೆ. “ನಂದೂ ಹಿಂಗ ಇತ್ತು. ಕುಂಡ್ರು. ಆಣಿ ಗೀಣಿ ಏನೂ ಬ್ಯಾಡ. ಫೋನ್ ತಗಿ, ನನ್ನ ನಂಬರ್ ಹೇಳ್ತೇನಿ.”

ಒಳಗಿಂದ ನರ್ಸ್ ನನ್ನ ಹೆಸರು ಕೂಗಿದಳು. ರಿಪೋರ್ಟ್ ಬಂದಿತ್ತು. ಒಂದು ನಿಮಿಷ ತಡೀರಿ ಎಂದೆ. ಅವನು ಒಂದೊಂದೇ ಅಂಕಿ ಒತ್ತುತ್ತಿದ್ದ, ನಂಬರಿನ ಕೊನೆಯ ಎರಡು ಅಂಕಿ ಇನ್ನೂ ಬಾಕಿ ಇದ್ದವು.